ಸೆಟ್‌ಟಾಪ್ ಬಾಕ್ಸ್‌ಗೆ ಯುಎಸ್‌ಬಿ ವೈಫೈ ಅಡಾಪ್ಟರ್: ಬಳಸಿ ನೋಡಿದ ಅಭಿಪ್ರಾಯ

ಮೈಸೂರಿನ ದೇವರಾಜ ಅರಸು ರಸ್ತೆಯ ಅಂಗಡಿಯೊಂದರಲ್ಲಿ ಕೊಂಡ ಈ ಪುಟ್ಟ ಯುಎಸ್‌ಬಿ ಅಡಾಪ್ಟರ್, ಅಗ್ರಹಾರದ ನಮ್ಮ ಹಳೆಯ ಮನೆಯ ಡಿಶ್ ಬಾಕ್ಸಿಗೆ ಕೇಬಲ್ ಎಳೆಯುವ ತೊಂದರೆಯಿಲ್ಲದೆ ಇಂಟರ್‌ನೆಟ್ ಸಂಪರ್ಕ ಒದಗಿಸಿದೆ. ನೆಟ್‌ವರ್ಕ್ ಮೆನುವಿನಲ್ಲಿ ರೂಟರಿನ ಹೆಸರನ್ನು ಆರಿಸಿ, ರಿಮೋಟಿನಲ್ಲೇ ಒಂದೊಂದಾಗಿ ಅಕ್ಷರ ಒತ್ತಿ ಪಾಸ್‌ವರ್ಡ್ ಕೊಟ್ಟೊಡನೆ ಅಡಾಪ್ಟರಿನ ಹಸಿರು ದೀಪ ಮಿನುಗತೊಡಗಿತು. ಕೊಳ್ಳುವವರು ಮೊದಲು ಅದರೊಳಗಿನ ಚಿಪ್‌ಸೆಟ್ (ಅಡಾಪ್ಟರಿನ ಕೆಲಸ ನಡೆಸುವ ಮುಖ್ಯ ಚಿಪ್) ಯಾವುದೆಂದು ವಿಚಾರಿಸಲೇಬೇಕು. ಕಂಪ್ಯೂಟರಿನಲ್ಲಿ ಚೆನ್ನಾಗಿ ನಡೆಯುವ ಅಡಾಪ್ಟರ್ ಕೂಡ, ಅದಕ್ಕೆ ತಕ್ಕ ಡ್ರೈವರ್ (ಅಡಾಪ್ಟರನ್ನು ಗುರುತಿಸಿ ನಡೆಸುವ ಪುಟ್ಟ ಪ್ರೋಗ್ರಾಂ) ಬಾಕ್ಸಿನ ಸಾಫ್ಟ್‌ವೇರಿನಲ್ಲಿ ಇಲ್ಲದಿದ್ದರೆ ಇಲ್ಲಿ ಕೆಲಸಕ್ಕೆ ಬಾರದು, ಏಕೆಂದರೆ ಬಾಕ್ಸಿಗೆ ನಾವೇ ಡ್ರೈವರ್ ಹಾಕಿಕೊಳ್ಳುವ ಅವಕಾಶ ಸಾಮಾನ್ಯವಾಗಿ ಇರುವುದಿಲ್ಲ. ದಪ್ಪ ಗೋಡೆಗಳ ಮನೆಗೆ 5 ಗಿಗಾಹರ್ಟ್ಸ್ ವೈಫೈಗಿಂತ, ಗೋಡೆಗಳನ್ನು ಚೆನ್ನಾಗಿ ದಾಟುವ 2.4 ಗಿಗಾಹರ್ಟ್ಸ್ ಸಂಪರ್ಕವೇ ಮೇಲು. ಬಾಕ್ಸಿನ ಹಿಂಬದಿಗೆ ನೇರವಾಗಿ ಸಿಕ್ಕಿಸಿದಾಗ ಲೋಹದ ಮೈ ಅಡ್ಡಬಂದು ವಿಡಿಯೊ ತಡೆತಡೆದು ಬರುತ್ತಿತ್ತು; ಗಿಡ್ಡ ಎಕ್ಸ್‌ಟೆನ್ಷನ್ ಕೇಬಲ್ ಹಾಕಿ ಅಡಾಪ್ಟರನ್ನು ಮುಂದಕ್ಕೆ ತಂದ ಮೇಲೆ ಸರಾಗವಾಗಿ ಓಡುತ್ತಿದೆ.