ಗಾಟಾ3, ಸಿಡಿ10, ಟಿಟಿಎಫ್-1: ಮೀಸೊನೆಫ್ರಿಕ್ ಕ್ಯಾನ್ಸರ್‌ಗೆ ಯಾವ ಬಾಟಲಿ?

ಸಣ್ಣ ಪ್ಯಾಥಾಲಜಿ ಲ್ಯಾಬ್, ಒಂದೇ ಹೊಸ ಆಂಟಿಬಾಡಿಗೆ (ಕೋಶದ ಒಂದು ನಿರ್ದಿಷ್ಟ ಪ್ರೋಟೀನಿಗೆ ಅಂಟಿ, ಸ್ಲೈಡಿನಲ್ಲಿ ಅದಕ್ಕೆ ಬಣ್ಣ ಬರಿಸುವ ದ್ರವ) ದುಡ್ಡಿದೆ ಅಂದರೆ ಗಾಟಾ3 ತರಿಸಿ. ಎಲ್ಲವನ್ನೂ ನಮ್ಮ ಸ್ಲೈಡುಗಳ ಮೇಲೆ ಹಾಕಿ ನೋಡಿದ ಮೇಲೆ ಹೇಳುತ್ತಿದ್ದೇನೆ.

ಗರ್ಭಕೊರಳಿನ ಕ್ಯಾನ್ಸರ್ ಅಂದರೆ ಸಾಮಾನ್ಯವಾಗಿ ಎಚ್‌ಪಿವಿ ವೈರಸ್ ನೆನಪಾಗುತ್ತದೆ, ಅಲ್ವಾ? ಗರ್ಭಕೊರಳಿನ ಮೀಸೊನೆಫ್ರಿಕ್ ಕ್ಯಾನ್ಸರ್‌ಗೆ ಆ ವೈರಸ್ ಬೇಕಿಲ್ಲ. ಭ್ರೂಣದಲ್ಲಿ ವೊಲ್ಫಿಯನ್ ನಾಳ ಅಂತ ಒಂದು ಜೋಡಿ ಇರುತ್ತದೆ. ಗಂಡು ಮಗುವಿನಲ್ಲಿ ಅದರಿಂದ ವೀರ್ಯನಾಳ ಬೆಳೆಯುತ್ತದೆ, ಹೆಣ್ಣು ಮಗುವಿನಲ್ಲಿ ಬಹುಪಾಲು ಕರಗಿಹೋಗುತ್ತದೆ. ಉಳಿದ ಚೂರುಗಳು ಗರ್ಭಕೊರಳಿನ ಪಕ್ಕದ ಗೋಡೆಗಳಲ್ಲಿ, ಆಳದಲ್ಲಿ ಸುಮ್ನೆ ಕೂತಿರುತ್ತವೆ. ತೀರಾ ಅಪರೂಪಕ್ಕೆ ಅಲ್ಲಿಂದ ಕ್ಯಾನ್ಸರ್ ಹುಟ್ಟುತ್ತದೆ. ಮೈಕ್ರೋಸ್ಕೋಪಿನಲ್ಲಿ ಅದು ಎಂಡೊಮೆಟ್ರಿಯಾಯ್ಡ್ ಕ್ಯಾನ್ಸರ್ (ಗರ್ಭಕೋಶದ ಒಳಪದರವನ್ನು ಹೋಲುವ ಬಗೆ) ಥರವೇ ಕಾಣಬಹುದು. ಎರಡನ್ನೂ ಬೇರೆ ಮಾಡಿ ತೋರಿಸುವ ಮಾರ್ಕರ್, ಅಂದರೆ ಆಂಟಿಬಾಡಿ ಹುಡುಕುವ ಪ್ರೋಟೀನು, ಬೇಕಾಗುವುದು ಅದಕ್ಕೇ.

ಸಿಡಿ10 ಹಳೆಯ ಮಾರ್ಕರ್, ಎಲ್ಲರಿಗೂ ಗೊತ್ತು. ನನಗೆ ತಲೆನೋವು ತಂದದ್ದೂ ಅದೇ. ಅದು ಕೋಶವನ್ನೆಲ್ಲ ಬಣ್ಣ ಮಾಡುವುದಿಲ್ಲ. ಗೆಡ್ಡೆಯ ಕೋಶಗಳು ಕಟ್ಟುವ ಸಣ್ಣ ನಳಿಕೆಯ ಒಳ ಅಂಚಿನಲ್ಲಿ ಒಂದು ತೆಳು ಕಂದು ಗೆರೆ, ಅಷ್ಟೇ. ಈ ಗೆಡ್ಡೆಯ ನಳಿಕೆಗಳ ಒಳಗೆ ಗುಲಾಬಿ ಬಣ್ಣದ ಗಟ್ಟಿ ಸ್ರಾವ ತುಂಬಿರುತ್ತದೆ. ಇದನ್ನು ಗುರುತಿಸಲು ಅದೇ ಒಳ್ಳೆಯ ಸುಳಿವು. ಆದರೆ ನಮ್ಮ ಸ್ಲೈಡಿನಲ್ಲಿ ಆ ಸ್ರಾವವೂ ಕಂದು ಬಣ್ಣ ಹಿಡಿಯಿತು. ಈಗ ಗೆರೆ ನಿಜವಾಗಿ ಕೋಶದ ಅಂಚಿನದೋ, ಸ್ರಾವಕ್ಕೆ ಅಂಟಿದ ಬಣ್ಣವೋ?

ತೊಳೆಯುವ ಸಮಯ ಹೆಚ್ಚಿಸಿದೆವು, ಆಂಟಿಬಾಡಿ ಇನ್ನಷ್ಟು ತೆಳು ಮಾಡಿದೆವು. ಸ್ರಾವ ತಿಳಿಯಾಯಿತು, ಜೊತೆಗೆ ಗೆರೆಯೂ ಮಸುಕಾಯಿತು. ಕಂಟ್ರೋಲ್‌ಗೆ, ಅಂದರೆ ಬಣ್ಣ ಬರಲೇಬೇಕಾದ ಹೋಲಿಕೆಯ ತುಣುಕಾಗಿ, ಇಟ್ಟ ಟಾನ್ಸಿಲ್ ಮಾತ್ರ ಪ್ರತಿ ಸಲ ಚೆನ್ನಾಗಿಯೇ ಬರುತ್ತಿತ್ತು. ಅಂದರೆ ಬಾಟಲಿಯನ್ನು ಬೈಯುವ ಹಾಗೂ ಇಲ್ಲ. ಸೂಜಿಮೊನೆಯಷ್ಟು ಬಯಾಪ್ಸಿಯಲ್ಲಿ ಹೀಗೆ ಸೆಕ್ಷನ್ (ತೆಳು ಪದರ) ಕತ್ತರಿಸುತ್ತ ಹೋದರೆ ಬ್ಲಾಕೇ (ಅಂಗಾಂಶವಿಟ್ಟ ಮೇಣದ ತುಂಡು) ಖಾಲಿ. ಇಷ್ಟೆಲ್ಲ ಆದರೂ, ಎಂಡೊಮೆಟ್ರಿಯಾಯ್ಡ್ ಕ್ಯಾನ್ಸರ್‌ಗಳಲ್ಲೂ ಸಿಡಿ10 ಬರಬಹುದು!

ಗಾಟಾ3 ನ್ಯೂಕ್ಲಿಯಸ್‌ಗೆ ಬಣ್ಣ ಕೊಡುತ್ತದೆ. ನ್ಯೂಕ್ಲಿಯಸ್ ಕಂದು, ಸ್ರಾವದ ಗೊಡವೆ ಇಲ್ಲ. ಸ್ತನ ಮತ್ತು ಮೂತ್ರಕೋಶದ ಕ್ಯಾನ್ಸರ್‌ಗೂ ಇದೇ ಮಾರ್ಕರ್, ಹಾಗಾಗಿ ಅವಧಿ ಮುಗಿಯುವ ಮೊದಲೇ ಬಾಟಲಿ ಖಾಲಿಯಾಗುತ್ತದೆ. ಸ್ತನ ಕ್ಯಾನ್ಸರ್‌ನಲ್ಲೂ ಬರುವುದರಿಂದಲೇ ರೋಗಿಗೆ ಹಿಂದೆ ಸ್ತನ ಕ್ಯಾನ್ಸರ್ ಆಗಿತ್ತಾ ಅಂತ ಕೇಳದೆ ವರದಿ ಬರೆಯಬೇಡಿ. ಬಣ್ಣ ಅಲ್ಲಲ್ಲಿ ಮಾತ್ರ ಬರುವುದೂ ಉಂಟು.

ಅಂಥಲ್ಲಿ ಟಿಟಿಎಫ್-1 ಉಪಯೋಗಕ್ಕೆ ಬರುತ್ತದೆ. ಗಾಟಾ3 ಇಲ್ಲದ ಜಾಗದಲ್ಲಿ ಇದು, ಇದು ಇಲ್ಲದಲ್ಲಿ ಅದು, ಹೀಗೆ ತಿರುಗುಮುರುಗಾಗಿ ಬರುವುದುಂಟು. ಶ್ವಾಸಕೋಶದ ಕೇಸುಗಳಿಗಾಗಿ ಫ್ರಿಜ್ಜಿನಲ್ಲಿ ಹೇಗೂ ಇರುತ್ತದೆ, ಹೊಸ ಖರ್ಚಿಲ್ಲ.

ಇನ್ನೆರಡು ಮಾರ್ಕರ್‌ಗಳಿವೆ. ಕ್ಯಾಲ್‌ರೆಟಿನಿನ್ ಕೆಲವು ಕೇಸುಗಳಲ್ಲಷ್ಟೇ ಬರುತ್ತದೆ, ಅದೊಂದಕ್ಕೇ ದುಡ್ಡು ಹಾಕಬೇಡಿ. ಪ್ಯಾಕ್ಸ್8 ಮೀಸೊನೆಫ್ರಿಕ್, ಎಂಡೊಮೆಟ್ರಿಯಾಯ್ಡ್ ಎರಡೂ ಕಡೆ ಬರುವುದರಿಂದ ವ್ಯತ್ಯಾಸ ತಿಳಿಯುವುದಿಲ್ಲ.

ಈಗ ನಾನು ಮೊದಲು ಇಆರ್ (ಈಸ್ಟ್ರೋಜನ್ ಗ್ರಾಹಕ, ಎಂಡೊಮೆಟ್ರಿಯಾಯ್ಡ್‌ನಲ್ಲಿ ಸಾಮಾನ್ಯವಾಗಿ ಬರುತ್ತದೆ) ಮತ್ತು ಪಿ16 (ಎಚ್‌ಪಿವಿ ಕ್ಯಾನ್ಸರ್‌ನಲ್ಲಿ ಗಾಢವಾಗಿ ಬರುತ್ತದೆ) ಹಾಕುತ್ತೇನೆ. ಇಆರ್ ಇಲ್ಲ, ಪಿ16 ಒಂದೇ ಸಮನೆ ಗಾಢವಾಗಿ ಬಂದಿಲ್ಲ ಅಂದರೆ ಗಾಟಾ3. ಅದೂ ಅರೆಬರೆ ಬಂದರೆ ಟಿಟಿಎಫ್-1. ಈ ಗೆಡ್ಡೆಯಲ್ಲಿ ಕೆರಾಸ್ ಜೀನಿನ ಬದಲಾವಣೆ ಸಾಮಾನ್ಯ, ಆದರೆ ಆ ಪರೀಕ್ಷೆ ನಮ್ಮ ಬಜೆಟ್ಟಿಗೆ ಮೀರಿದ್ದು. ಡಾಕ್ಟರು ಕೇಳಿದರೆ ಬ್ಲಾಕನ್ನೇ ದೊಡ್ಡ ಲ್ಯಾಬಿಗೆ ಕಳಿಸುತ್ತೇವೆ. ಸಿಡಿ10 ಬಾಟಲಿ ಲಿಂಫೋಮಾ ಕೇಸುಗಳಿಗೆ ಆಗುತ್ತದೆ.