ಕುಮಾರಪರ್ವತದ ಏರು: ಸ್ಥಳಾಕೃತಿ ನಕ್ಷೆಯೋ, ಫೋನಿನ ಆ್ಯಪೋ?

ಕುಕ್ಕೆ ಸುಬ್ರಹ್ಮಣ್ಯದ ಪೇಟೆ ಸಮುದ್ರಮಟ್ಟದಿಂದ ಸುಮಾರು 120 ಮೀಟರ್ ಎತ್ತರದಲ್ಲಿದ್ದರೆ ಕುಮಾರಪರ್ವತದ ನೆತ್ತಿ 1,712 ಮೀಟರ್ ಎತ್ತರದಲ್ಲಿದೆ. ನಡುವಿನ ಸುಮಾರು 13 ಕಿಲೋಮೀಟರ್ ದಾರಿಗೆ ಈ ಎತ್ತರದ ಅಂತರವನ್ನು ಹಂಚಿದರೆ ನೂರು ಮೀಟರಿಗೆ ಹನ್ನೆರಡು ಮೀಟರ್ ಏರು ಎಂಬ ಸೌಮ್ಯ ಸರಾಸರಿ ಸಿಗುತ್ತದೆ. ಆದರೆ ದಾರಿಯ ನಡುವೆ ಸಿಗುವ ಭಟ್ಟರ ಮನೆಯವರೆಗಿನ ಕಾಡು, ಆಮೇಲಿನ ಬೋಳು ಹುಲ್ಲುಗಾವಲು, ನೆತ್ತಿಗೆ ಮುಂಚಿನ ಶಿಖರವಾದ ಶೇಷಪರ್ವತದಾಚೆಯ ಇಳಿತ, ಕೊನೆಯ ಬಂಡೆ ಇವುಗಳ ಇಳಿಜಾರು ಒಂದರಂತೆ ಒಂದಿಲ್ಲ.

ಈ ದಾರಿಯನ್ನು ಭಾರತೀಯ ಸರ್ವೇಕ್ಷಣಾ ಇಲಾಖೆಯ 1:50,000 ನಕ್ಷೆಯಲ್ಲಿಯೂ ಫೋನಿನ ಆ್ಯಪಿನಲ್ಲಿಯೂ ಗುರುತಿಸಿಕೊಂಡು ನಡೆದು ನೋಡಿದ್ದೇನೆ. ನಕ್ಷೆಯಲ್ಲಿ ಸಮೋನ್ನತ ರೇಖೆಗಳ, ಎಂದರೆ ಒಂದೇ ಎತ್ತರದ ಜಾಗಗಳನ್ನು ಜೋಡಿಸುವ ಗೆರೆಗಳ, ನಡುವಿನ ಎತ್ತರ 20 ಮೀಟರ್. ಅಲ್ಲಿನ ಒಂದು ಮಿಲಿಮೀಟರ್ ನೆಲದ ಮೇಲೆ 50 ಮೀಟರ್. ಎಂದರೆ ಎರಡು ರೇಖೆಗಳ ನಡುವೆ ಎರಡು ಮಿಲಿಮೀಟರ್ ಅಂತರವಿದ್ದಲ್ಲಿ ಇಳಿಜಾರು ಸುಮಾರು 11 ಡಿಗ್ರಿ, ಒಂದೇ ಮಿಲಿಮೀಟರ್ ಇದ್ದಲ್ಲಿ 22 ಡಿಗ್ರಿ. ಅಳತೆಪಟ್ಟಿಯೊಂದಿದ್ದರೆ ಸಾಕು, ದಾರಿಯಷ್ಟೇ ಅಲ್ಲ, ಅದರ ಎಡಬಲದ ಕಮರಿಯ ಕಡಿದೂ ಕಣ್ಣಿಗೆ ಕಟ್ಟುತ್ತದೆ.

ದಾರಿಯ ಏರಿಳಿತ ತೋರಿಸುವ ಆ್ಯಪಿನ ರೇಖಾಚಿತ್ರ ಕ್ಷಣಾರ್ಧದಲ್ಲಿ ಸಿದ್ಧವಾಗುತ್ತದೆ, ದೂರವನ್ನೂ ಚೆನ್ನಾಗಿ ಹೇಳುತ್ತದೆ. ಆದರೆ ಇಂಥ ಅನೇಕ ಆ್ಯಪ್‌ಗಳು ಆಧರಿಸುವುದು 2000ದ ಫೆಬ್ರವರಿಯಲ್ಲಿ ಬಾಹ್ಯಾಕಾಶ ನೌಕೆಯಿಂದ ಮಾಡಿದ ರಾಡಾರ್ ಅಳತೆಯನ್ನು. ಅದರಲ್ಲಿ ನೆಲವನ್ನು ಚೌಕಗಳಾಗಿ ಹಂಚಿ ಒಂದೊಂದಕ್ಕೂ ಒಂದೇ ಎತ್ತರ ಕೊಟ್ಟಿರುತ್ತದೆ, ಒಂದೊಂದು ಚೌಕ ಸುಮಾರು 30 ಮೀಟರ್ ಅಗಲದ್ದು. ದಟ್ಟ ಕಾಡಿನಲ್ಲಿ ಆ ಅಲೆಗಳು ನೆಲ ಮುಟ್ಟುವ ಮೊದಲೇ ಮರಗಳ ಮೇಲ್ಭಾಗದಿಂದ ಹಿಂದಿರುಗುತ್ತವೆ. ಹಾಗೆ ಮರದ ಎತ್ತರವೂ ನೆಲದ ಲೆಕ್ಕಕ್ಕೆ ಸೇರುವುದರಿಂದ ಕಾಡು ಮುಗಿದು ಹುಲ್ಲು ತೊಡಗುವ ಅಂಚಿನಲ್ಲಿ, ನಾವು ಏದುಸಿರು ಬಿಡುತ್ತ ಹತ್ತುವ ಜಾಗ ಪರದೆಯ ಮೇಲೆ ಹೆಚ್ಚುಕಡಿಮೆ ಸಮತಟ್ಟಾಗಿ ಕಾಣಿಸಬಲ್ಲದು. ಇಂಥ ಸಣ್ಣ ಸಣ್ಣ ತಪ್ಪು ಏರಿಳಿತಗಳೆಲ್ಲ ಕೂಡಿಕೊಂಡು ಒಟ್ಟು ಏರಿಕೆಯ ಅಂಕಿಯನ್ನು ಹಿಗ್ಗಿಸುವುದೂ ಉಂಟು. ಮೂರು ಆಯಾಮದ ಉಪಗ್ರಹ ಚಿತ್ರ ಬೆಟ್ಟದ ಆಕಾರವನ್ನು ಪರಿಚಯಿಸುತ್ತದೆ, ಆದರೆ ಲೆಕ್ಕಕ್ಕೆ ಒದಗುವುದಿಲ್ಲ.

ಆದ್ದರಿಂದ ದೂರಕ್ಕೆ ಆ್ಯಪನ್ನೂ ಇಳಿಜಾರಿಗೆ ನಕ್ಷೆಯನ್ನೂ ನಾನು ನಂಬುತ್ತೇನೆ. ಸಮಯದ ಅಂದಾಜಿಗೆ ಸ್ಕಾಟ್ಲೆಂಡಿನ ಪರ್ವತಾರೋಹಿ ನೇಸ್ಮಿತ್ 1892ರಲ್ಲಿ ಕೊಟ್ಟ ಸೂತ್ರ ಇಂದಿಗೂ ಒಳ್ಳೆಯ ಆರಂಭ: ಐದು ಕಿಲೋಮೀಟರಿಗೆ ಒಂದು ಗಂಟೆ, 600 ಮೀಟರ್ ಏರಿಗೆ ಇನ್ನೊಂದು. ಈ ಲೆಕ್ಕದಲ್ಲಿ ಕುಕ್ಕೆಯಿಂದ ನೆತ್ತಿಗೆ ಐದು ಗಂಟೆಗೂ ಹೆಚ್ಚು ಬೇಕು, ಅದೂ ನಿಲ್ಲದೆ ನಡೆದರೆ. ಬೆನ್ನಿನ ಹೊರೆ, ಹುಲ್ಲುಗಾವಲಿನ ಬಿಸಿಲು, ನೀರಿಗಾಗಿ ನಿಲ್ಲುವ ಹೊತ್ತು ಎಲ್ಲವನ್ನೂ ಇದರ ಮೇಲೆ ಸೇರಿಸಿಕೊಳ್ಳಬೇಕು.