ಸೊಸೈಟಿಯ ವಾರ್ಷಿಕ ವರದಿ: ಫೋಟೋ ದೊಡ್ಡದು, ಲೆಕ್ಕ ಸಣ್ಣದು

ಬಾಗಲಕೋಟೆ ನವನಗರದ ಒಂದು ಪತ್ತಿನ ಸಹಕಾರಿ ಸಂಘದ ವಾರ್ಷಿಕ ವರದಿ ಮತ್ತು ಸರ್ವಸಾಧಾರಣ ಸಭೆ, ಎರಡರ ವಿಮರ್ಶೆ ಇದು. ಸಂಘದ ಹೆಸರು ಬೇಡ. ಇಳಕಲ್ಲಿನಿಂದ ಜಮಖಂಡಿವರೆಗೆ ಇಂಥದೇ ಪುಸ್ತಿಕೆ ಕೈಗಿಡುವ ಸೊಸೈಟಿಗಳು ಬೇಕಾದಷ್ಟಿವೆ. ಐದಕ್ಕೆ ಎರಡು ಅಂಕ. ಒಂದು, ಸೆಪ್ಟೆಂಬರ್ 25ರ ಗಡುವಿನೊಳಗೆ ಸಭೆ ಕರೆದದ್ದಕ್ಕೆ. ಇನ್ನೊಂದು, ಲೆಕ್ಕಪರಿಶೋಧಕರ ವರದಿಯನ್ನು ಕತ್ತರಿಸದೆ ಪೂರ್ತಿ ಅಚ್ಚು ಹಾಕಿಸಿದ್ದಕ್ಕೆ. ಗೋಧಿ ಹುಗ್ಗಿ ಚಲೋ ಇತ್ತು, ಆದರೆ ಅದಕ್ಕೆ ಅಂಕ ಇಲ್ಲ. ಅದು ಸದಸ್ಯರದೇ ದುಡ್ಡು.

ಪುಸ್ತಿಕೆ ನುಣುಪು ಕಾಗದದ್ದು. ಮೊದಲ ಅರ್ಧದಲ್ಲಿ ನಿರ್ದೇಶಕರ ಭಾವಚಿತ್ರ, ಸನ್ಮಾನದ ಶಾಲು, ಶುಭ ಕೋರುವ ಜಾಹೀರಾತು. ಅಢಾವೆ ಪತ್ರಿಕೆ (ಬ್ಯಾಲೆನ್ಸ್ ಶೀಟ್) ಬರುವ ಹೊತ್ತಿಗೆ ಅಕ್ಷರ ಎಷ್ಟು ಸಣ್ಣದಾಗಿದೆ ಎಂದರೆ ಕನ್ನಡಕ ಇದ್ದವರೂ ಬೆಳಕಿಗೆ ಹಿಡಿದು ಓದಬೇಕು. ಅದನ್ನೂ ಸಭೆಯ ದಿನ ಬಾಗಿಲಲ್ಲೇ ಕೈಗಿತ್ತರೆ ಯಾರು ಓದುತ್ತಾರೆ, ಯಾವಾಗ ಪ್ರಶ್ನೆ ಕೇಳುತ್ತಾರೆ? ಅಜೆಂಡಾದ ನೋಟಿಸಿನ ಜೊತೆಗೇ ಪುಸ್ತಿಕೆ ಕಳಿಸುವುದಕ್ಕೆ ಖರ್ಚೇನೂ ಹೆಚ್ಚಾಗುವುದಿಲ್ಲ.

ಅಧ್ಯಕ್ಷರ ನುಡಿಯಲ್ಲಿ ಕಟಬಾಕಿಗೆ, ಅಂದರೆ ಗಡುವು ದಾಟಿಯೂ ವಸೂಲಾಗದ ಸಾಲಕ್ಕೆ, ಕಾರಣ ಮೂರು: ಮಳೆ, ಮಾರುಕಟ್ಟೆ, ಸಾಲಗಾರರ ಅಸಹಕಾರ. ಆಡಳಿತ ಮಂಡಳಿ ಆ ಪಟ್ಟಿಯಲ್ಲಿಲ್ಲ. ಮಳೆ ಬಾರದ್ದಕ್ಕೆ ಅಧ್ಯಕ್ಷರು ಹೊಣೆಯಲ್ಲ, ನಿಜ. ಆದರೆ ಒಂದೇ ಮನೆಯ ನಾಲ್ವರನ್ನು ಒಬ್ಬರಿಗೊಬ್ಬರು ಜಾಮೀನು ನಿಲ್ಲಿಸಿ ಸಾಲ ಕೊಟ್ಟದ್ದು ಮಳೆಯಲ್ಲ. ಕಬ್ಬಿನ ಬಿಲ್ಲಿನಲ್ಲಿ ಮುರಿದುಕೊಳ್ಳುತ್ತೇವೆ ಎಂದು ಸಾಲ ಕೊಟ್ಟು, ಆ ರೈತ ಯಾವ ಕಾರ್ಖಾನೆಗೆ ಕಬ್ಬು ಕಳಿಸುತ್ತಾನೆ ಎಂದು ವಿಚಾರಿಸದೆ ಕೂತದ್ದೂ ಮಳೆಯಲ್ಲ.

ಇನ್ನು ಅಂಕಿಗಳ ಆಟ. ವರದಿ ‘ಕಟಬಾಕಿ ಪ್ರಮಾಣ ಇಳಿದಿದೆ’ ಎಂದು ದಪ್ಪಕ್ಷರದಲ್ಲಿ ಹೇಳುತ್ತದೆ. ಇದನ್ನು ಓದುವುದು ಹೇಗೆಂದು ಒಂದು ಉದಾಹರಣೆ ಹಿಡಿಯಿರಿ. ಹೋದ ವರ್ಷ ಸಾಲ 20 ಕೋಟಿ, ಕಟಬಾಕಿ 2 ಕೋಟಿ: ಶೇ 10. ಈ ವರ್ಷ ಸಾಲವನ್ನು 30 ಕೋಟಿಗೆ ಏರಿಸಿದರು, ಕಟಬಾಕಿ 2.40 ಕೋಟಿ ಆಯಿತು: ಶೇ 8. ಪ್ರಮಾಣ ಇಳಿಯಿತು, ಮುಳುಗುವ ದುಡ್ಡು 40 ಲಕ್ಷ ಏರಿತು. ಹೊಸ ಸಾಲದ ಕಂತು ತಪ್ಪುವ ಕಾಲ ಇನ್ನೂ ಬಂದಿಲ್ಲ, ಅಷ್ಟೇ. ಶೇಕಡಾ ನೋಡಬೇಡಿ, ಮೊತ್ತ ನೋಡಿ. ಮೊತ್ತದಲ್ಲೂ ಒಂದು ವರ್ಷ, ಎರಡು ವರ್ಷ, ಮೂರು ವರ್ಷ ದಾಟಿದ್ದು ಎಷ್ಟೆಷ್ಟು ಎಂದು ಬಿಡಿಸಿ ಕೇಳಿ. ಈ ಪುಸ್ತಿಕೆಯಲ್ಲಿ ಆ ವಿಂಗಡಣೆ ಇಲ್ಲವೇ ಇಲ್ಲ.

ಇನ್ನೊಂದು ಮಾರ್ಚ್ ತಿಂಗಳ ಕೈಚಳಕ, ಬುಕ್ ಅಡ್ಜಸ್ಟ್‌ಮೆಂಟ್. 30ನೇ ತಾರೀಖು ಹಳೇ ಸಾಲ ಬಡ್ಡಿಸಮೇತ ಜಮಾ, ಅದೇ ದಿನ ಇಲ್ಲವೇ ಏಪ್ರಿಲ್ ಮೊದಲ ವಾರ ಅದೇ ಹೆಸರಿಗೆ ಅದಕ್ಕಿಂತ ದೊಡ್ಡ ಹೊಸ ಸಾಲ. ನಗದು ಕೌಂಟರ್ ದಾಟಿಯೇ ಇರುವುದಿಲ್ಲ. ಹಿಡಿಯಬೇಕಾದರೆ ಮಾರ್ಚ್ ಕೊನೆಯ ವಾರದ ವಸೂಲಿಯನ್ನೂ ಏಪ್ರಿಲ್ ಮೊದಲ ಎರಡು ವಾರದ ಹೊಸ ಸಾಲವನ್ನೂ ಪಕ್ಕಪಕ್ಕ ಇಡಿ.

ಲಾಭ-ಹಾನಿ ಪತ್ರಿಕೆಯ ಆದಾಯದ ಬದಿಯಲ್ಲಿ ‘ಬರಬೇಕಾದ ಬಡ್ಡಿ’ ಎಷ್ಟು, ಎದುರಿಗೆ ಕಟಬಾಕಿ ಬಡ್ಡಿಗೆ ‘ಅನುವು’ (ಬಾರದೇ ಹೋದೀತೆಂದು ತೆಗೆದಿಡುವ ಮೊತ್ತ) ಎಷ್ಟು ಎಂಬುದನ್ನೂ ನೋಡಬೇಕು. ಬಾರದ ಬಡ್ಡಿಯನ್ನು ಬಂದಂತೆ ಬರೆದು ಅನುವು ಮಾಡದಿದ್ದರೆ ಲಾಭ ಕಾಗದದ ಮೇಲಿನದು. ಡಿವಿಡೆಂಡ್ ಮಾತ್ರ ನಗದಾಗಿ ಹೋಗುತ್ತದೆ, ಅಂದರೆ ಠೇವಣಿದಾರರ ದುಡ್ಡಿನಿಂದ.

ಹೊಣೆ ಹಂಚುವಾಗ ಈ ಸಭೆ ಎಡವಿದ್ದು ಇಲ್ಲೇ. ಎಲ್ಲ ಪ್ರಶ್ನೆಗೂ ಮ್ಯಾನೇಜರ್ ಎದ್ದು ಉತ್ತರ ಕೊಟ್ಟರು, ನಿರ್ದೇಶಕರು ವೇದಿಕೆ ಮೇಲೆ ಕೂತೇ ಇದ್ದರು. ಎರಡು ಕೆಲಸ ಬೇರೆ ಬೇರೆ. ಯಾರಿಗೆ ಎಷ್ಟು ಸಾಲ, ನಿರ್ದೇಶಕರಿಗೆ ಮತ್ತವರ ಸಂಬಂಧಿಕರಿಗೆ ಎಷ್ಟು, ಒಬ್ಬನಿಗೆ ಗರಿಷ್ಠ ಎಷ್ಟು: ಇದು ಮಂಡಳಿ ಠರಾವು ಮಾಡಿ ಕೊಟ್ಟದ್ದು, ಉತ್ತರವೂ ಮಂಡಳಿಯದೇ. ಕಾಗದಪತ್ರ ಸರಿಯಿದೆಯೇ, ಕಂತು ತಪ್ಪಿದ ಮೇಲೆ ಜಾಮೀನುದಾರರಿಗೂ ನೋಟಿಸ್ ಹೋಯಿತೇ, ಸಹಕಾರ ಸಂಘಗಳ ಕಾಯ್ದೆಯ ಕಲಂ 70ರ ಅಡಿ ದಾವೆ ಎಷ್ಟು, ತೀರ್ಪಾದದ್ದರಲ್ಲಿ ಅಮಲ್ಜಾರಿಗೆ (ತೀರ್ಪಿನಂತೆ ವಸೂಲಿಗೆ) ಹಾಕಿದ್ದು ಎಷ್ಟು: ಇದು ಮ್ಯಾನೇಜರರದು. ಬಂಗಾರದ ಸಾಲದಲ್ಲಿ ಅರಗು, ಹರಳು ಕಳೆದು ನಿವ್ವಳ ತೂಕ ಬರೆದರೇ, ವರ್ಷಕ್ಕೊಮ್ಮೆಯಾದರೂ ಬೇರೆ ಸರಾಫರಿಂದ ದಿಢೀರ್ ತಪಾಸಣೆ ಆಯಿತೇ ಎಂಬುದಕ್ಕೆ ಇಬ್ಬರೂ ಉತ್ತರಿಸಬೇಕು. ಏಜೆಂಟರು ದಿನಾ ಬಂದು ಒಯ್ಯುವ ಸಣ್ಣ ಉಳಿತಾಯವಾದ ಪಿಗ್ಮಿಯಲ್ಲಿ ಏಜೆಂಟರು ಬರೆದ ಗ್ರಾಹಕರ ಪಾಸ್‌ಬುಕ್ಕಿಗೂ ಸಂಘದ ಲೆಡ್ಜರಿಗೂ ತಾಳೆ ಹಾಕುವುದು ಮ್ಯಾನೇಜರರ ಕೆಲಸ. ತಾಳೆ ಆಗಿಲ್ಲ ಎಂದು ಆಡಿಟರ್ ಬರೆದ ಮೇಲೂ ಸುಮ್ಮನಿದ್ದರೆ ಮಂಡಳಿಯ ತಪ್ಪು.

ನಮ್ಮ ಕಡೆಯ ಎಷ್ಟೋ ಸೊಸೈಟಿಗಳು ಸಮಾಜದ ಹಿರಿಯರ ಹೆಸರಿನ ಮೇಲೆ ನಿಂತವು. ಆಲಮಟ್ಟಿ ಹಿನ್ನೀರಿನ ಮುಳುಗಡೆ ಪರಿಹಾರದ ದುಡ್ಡನ್ನು ಜನ ಠೇವಣಿ ಇಟ್ಟದ್ದೂ ಕಟ್ಟಡ ನೋಡಿ ಅಲ್ಲ, ಮುಖ ನೋಡಿ. ಹೀಗಾಗಿ ‘ಹಿರ್ಯಾರನ್ನ ಸಭಾದಾಗ ಹೆಂಗ ಕೇಳೂದ್ರಿ’ ಎಂಬ ಸಂಕೋಚ. ಅದಕ್ಕೆ ಉಪಾಯ ಸರಳ: ಬಾಯಲ್ಲಿ ಕೇಳಬೇಡಿ, ಸಭೆಗೆ ಮುಂಚೆ ಬರೆದು ಕೊಡಿ, ನಕಲಿನ ಮೇಲೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಹೋದ ವರ್ಷದ ಆಡಿಟ್ ಆಕ್ಷೇಪಣೆ, ಅದನ್ನು ಸರಿಪಡಿಸಿದ ಬಗ್ಗೆ ಸಂಘ ಕೊಟ್ಟ ಅನುಪಾಲನಾ ವರದಿ, ಈ ವರ್ಷದ ಆಕ್ಷೇಪಣೆ, ಮೂರನ್ನೂ ಜೋಡಿಸಿ. ಒಂದೇ ವಾಕ್ಯ ಎರಡು ವರ್ಷ ಅಚ್ಚಾಗಿದ್ದರೆ ಅದೇ ನಿಮ್ಮ ಮೊದಲ ಪ್ರಶ್ನೆ. ಈ ಪುಸ್ತಿಕೆಯಲ್ಲಿ ಅಂಥ ವಾಕ್ಯಗಳಿವೆ. ಅನುಪಾಲನೆಯ ಜಾಗದಲ್ಲಿ ‘ಕ್ರಮ ಕೈಗೊಳ್ಳಲಾಗುವುದು’. ಯಾರು, ಯಾವ ತಾರೀಖಿನೊಳಗೆ ಎಂಬುದಿಲ್ಲ.

ಉತ್ತರ ಸಿಗದಿದ್ದರೆ ಮುಂದಿನ ಬಾಗಿಲು ಸಹಕಾರ ಸಂಘಗಳ ಸಹಾಯಕ ನಿಬಂಧಕರ ಕಚೇರಿ. 1959ರ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆಯಲ್ಲಿ ಕಲಂ 64 ವಿಚಾರಣೆಯದು, 65 ತಪಾಸಣೆಯದು, 68 ದೋಷ ಸರಿಪಡಿಸಲು ಆದೇಶದ್ದು. ಹಲ್ಲಿರುವುದು 69ಕ್ಕೆ: ಸಂಘಕ್ಕೆ ಹಾನಿ ಮಾಡಿದ ನಿರ್ದೇಶಕ ಅಥವಾ ನೌಕರನಿಂದಲೇ ಹಣ ವಸೂಲಿ. ಅರ್ಜಿಯಲ್ಲಿ ‘ಭ್ರಷ್ಟಾಚಾರ ನಡೆದಿದೆ’ ಎಂದಷ್ಟೇ ಬರೆದರೆ ಕಡತ ಮೇಲೇಳುವುದಿಲ್ಲ. ಸಾಲದ ಖಾತೆ, ತಾರೀಖು, ಠರಾವು ಸಂಖ್ಯೆ, ಆಡಿಟ್ ವರದಿಯ ಪುಟ ಬೇಕು. ನಿಮ್ಮದು ‘ಸೌಹಾರ್ದ’ ಸಹಕಾರಿ ಆಗಿದ್ದರೆ ಕಾಯ್ದೆಯೇ ಬೇರೆ, 1997ರ ಸೌಹಾರ್ದ ಸಹಕಾರಿ ಕಾಯ್ದೆ. ಈ ಕಲಂ ಸಂಖ್ಯೆ ಹಾಕಿ ಕೊಟ್ಟರೆ ಅರ್ಜಿ ವಾಪಸ್ ಬಂದೀತು.

ಠೇವಣಿ ಇಟ್ಟವರಿಗೆ ಒಂದು ಮಾತು. 5 ಲಕ್ಷದವರೆಗಿನ ಠೇವಣಿ ವಿಮೆ ಬ್ಯಾಂಕುಗಳಿಗೆ, ಸಹಕಾರಿ ಬ್ಯಾಂಕುಗಳಿಗೂ ಇದೆ. ಪತ್ತಿನ ಸಂಘಗಳಿಗೆ ಇಲ್ಲ. ಬ್ಯಾಂಕಿಗಿಂತ ಬಡ್ಡಿ ಹೆಚ್ಚು ಸಿಗುತ್ತದೆಂದು ಇಡುವವರು ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಪುಸ್ತಿಕೆಯಲ್ಲಿ ಠೇವಣಿ ಬಡ್ಡಿದರಕ್ಕೆ ಒಂದಿಡೀ ಬಣ್ಣದ ಪುಟ ಇದೆ, ಈ ಸಂಗತಿಗೆ ಒಂದು ಸಾಲೂ ಇಲ್ಲ.

ಸಭೆಗೆ ಹೋದವರು ಹಾಜರಿ ಪುಸ್ತಕದಲ್ಲಿ ಸಹಿ ಮಾಡದೆ ಊಟಕ್ಕೆ ಏಳಬೇಡಿ. ಚುನಾವಣೆ ಹೊತ್ತಿಗೆ ಮತದಾರರ ಪಟ್ಟಿಯ ತಕರಾರು ಬಂದಾಗ ಆ ಸಹಿಯೇ ಸಾಕ್ಷಿ. ಒಂದೆರಡು ವಾರ ಬಿಟ್ಟು ನಡಾವಳಿಯ ನಕಲು ಕೇಳಿ. ಈ ಸಭೆಯಲ್ಲಿ ಕಟಬಾಕಿ ಬಗ್ಗೆ ಅರ್ಧ ಗಂಟೆ ವಾದವಾಗಿತ್ತು. ನಡಾವಳಿಯಲ್ಲಿ ‘ಚರ್ಚಿಸಿ ಸರ್ವಾನುಮತದಿಂದ ಮಂಜೂರು ಮಾಡಲಾಯಿತು’ ಎಂದಿದೆ.